ಶ್ಯಾವಿಗೆ ಮಣೆಯ ಮೇಲೆ ತರಬೇತಿ

ಕೆಲಸ ಬಾರದವರನ್ನು ನಾನು ಸಹಿಸಬಲ್ಲೆ. ಕೆಲಸ ಕಲಿಸಲು ಬರುವವರನ್ನು ಸಹಿಸಲಾರೆ. ಶಿವ ಕೊಟ್ಟಿದ್ದಕ್ಕೆ ದಿನವೂ ಕೈಮುಗಿಯುತ್ತೇನೆ. ಬಾವಿ ಹಿತ್ತಲಲ್ಲೇ ಇದೆ, ಹಾಲು ಒಡೆಯದೆ ಹೆಪ್ಪಾಗುತ್ತದೆ, ನಾನು ಗೊಣಗುವ ಹೊತ್ತಿಗೆ ಮನೆಯವರು ಹೊಲದಲ್ಲಿರುತ್ತಾರೆ. ಆದರೆ ತಾಳ್ಮೆ ಹಂಚುವಾಗ ನಾನು ಒಲೆಯ ಮುಂದೆ ಇದ್ದೆನೋ ಏನೋ, ನನ್ನ ಪಾಲಿಗೆ ಬಂದದ್ದು ತಳ ಕೆರೆದದ್ದು.

ನಮ್ಮ ದುಂಡಸಿಯಲ್ಲಿ ಬೇಸಗೆ ಬಂತೆಂದರೆ ಶ್ಯಾವಿಗೆ. ಓಣಿಯ ಹೆಂಗಸರೆಲ್ಲ ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ ಎಂದು ಮುಯ್ಯಿಗೆ ಕೂಡುತ್ತೇವೆ. ನೀವು ನಮ್ಮಲ್ಲಿ ಹೊಸೆದರೆ ನಾವು ನಿಮ್ಮಲ್ಲಿ ಹೊಸೆಯಬೇಕು, ಅಷ್ಟೇ ಕಾನೂನು. ಕೈ ಕೊಡದವಳ ಮನೆಗೆ ಕೈ ಬರುವುದಿಲ್ಲ. ಪರಾತದಲ್ಲಿ ಹಿಟ್ಟು ಕಲಸಿ ಕಣಕ ನಾದುವುದು ನನ್ನ ಪಾಲಿಗೆ, ಮಣೆ ಏರಿ ಕೂತು ಎಳೆ ಹೊಸೆಯುವುದು ಉಳಿದವರಿಗೆ. ಕೆಲಸದ ಜತೆ ಹಾಡು, ಸೊಸೆಯರ ಮೇಲೆ ಚಾಡಿ, ಅತ್ತೆಯರ ಮೇಲೆ ಚಾಡಿ. ಎರಡೂ ಪಂಗಡ ಒಂದೇ ಅಂಗಳದಲ್ಲಿ ಕೂತಿರುವುದರಿಂದ ಎಲ್ಲವೂ ಗಾದೆಯ ಮೂಲಕವೇ ನಡೆಯುತ್ತದೆ.

ಆ ವರ್ಷ ನಮ್ಮ ಪಾಳಿಯ ದಿನ ಶಿಗ್ಗಾವಿಯ ಬ್ಲಾಕ್ ಕಚೇರಿಯಿಂದ ಗ್ರಾಮಸೇವಿಕೆ ಬಂದಳು. ಎಳೆಯ ಹುಡುಗಿ, ಹೆಸರು ಸುಶೀಲಾ. ಆಗಷ್ಟೇ ತರಬೇತಿ ಮುಗಿಸಿದ್ದಳು, ಇನ್ನೂ ಬಿಸಿ ಆರಿರಲಿಲ್ಲ. ಗುಂಪಿನಲ್ಲಿ ಕೆಲಸ ಮಾಡುವುದು ಹೇಗೆಂದು, ಗುಂಪಿನಲ್ಲೇ ಹುಟ್ಟಿ ಬೆಳೆದ ನಮಗೆ ಹೇಳಿಕೊಡಲು ಕೂತಳು. ಮಾತಾಡಿದರೆ ಕೈ ನಿಧಾನವಾಗುತ್ತದಂತೆ. ಯಾರಿಗೆ ಯಾವುದು ಬರುತ್ತದೋ ಅದನ್ನೇ ಕೊಡಬೇಕಂತೆ. ಎಲ್ಲರಿಗಿಂತ ಸಣ್ಣಗೆ ಹೊಸೆದವಳಿಗೆ ಸಾಬೂನಿನ ಡಬ್ಬಿ ಬಹುಮಾನ. ಅದರಿಂದ ಹುರುಪು ಹುಟ್ಟುತ್ತದಂತೆ. ಹುರುಪೇನೋ ಹುಟ್ಟಿತು. ಪಕ್ಕದ ಮನೆಯ ಗಂಗವ್ವ ಇನ್ನೊಬ್ಬಳ ಎಳೆಯನ್ನೇ ನೋಡುತ್ತ ತನ್ನ ಎಳೆ ಹರಿದುಕೊಂಡಳು. ಹಾಡು ನಿಂತಿತು. ನನ್ನ ಅಂಗಳ ಪರೀಕ್ಷೆಯ ಕೋಣೆಯಾಯಿತು.

ಆಮೇಲೆ ಸುಶೀಲಾ ಬಸವ್ವನ ಎಳೆ ಎತ್ತಿ ಬೆಳಕಿಗೆ ಹಿಡಿದಳು. ಬಸವ್ವ ನಮ್ಮ ಓಣಿಯ ಒಂಟಿ ಮುದುಕಿ. ಅವಳ ಶ್ಯಾವಿಗೆ ದಪ್ಪ. ಅದು ಓಣಿಗೆಲ್ಲ ಗೊತ್ತು, ಯಾರೂ ಅನ್ನುವುದಿಲ್ಲ. ಈ ಹುಡುಗಿ ಅಂದೇಬಿಟ್ಟಳು. ಅಂದು, ಮುದುಕಿಯ ಕೈಗೊಂದು ಕೋಲು ಕೊಟ್ಟು, ಒಣಹಾಕಿದ ಶ್ಯಾವಿಗೆಯ ಹತ್ತಿರ ಕಾಗೆ ಕಾಯಲು ಕಳಿಸಿದಳು. ಬಸವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೋಲನ್ನು ಗೋಡೆಗೆ ಆನಿಸಿ, ಎಲೆ-ಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು. ಮರುದಿನ ಅವಳ ಮನೆಯ ಪಾಳಿ. ಹೊಸೆಯದೆ ಎದ್ದುಹೋದವಳು ಯಾವ ಬಾಯಿಂದ ನಮ್ಮನ್ನು ಕರೆದಾಳು? ಶ್ಯಾವಿಗೆ ಒಂಟಿ ಕೈಯಲ್ಲಿ ಆಗುವಂಥದ್ದಲ್ಲ. ಚಿಕ್ಕೇರೂರಿನಿಂದ ಅವಳ ಮಗಳು ಪಂಚಮಿಗೆ ಬಂದರೆ ಎಲೆಗೆ ಏನು ಬಡಿಸಬೇಕು?

"ಅಕ್ಕಾರ, ನಿಮ್ಮ ಡಬ್ಬಿ ಎತ್ತಿಡ್ರಿ" ಅಂದೆ. "ಶ್ಯಾವಿಗಿ ದಪ್ಪಾದ್ರ ಇನ್ನೊಂದೀಟು ಹಾಲು ಹಾಕಿ ಕುದಸ್ತೇನಿ. ಮುದುಕಿ ಮನಸು ಮುರದ್ರ ಅದಕ್ಕೇನು ಹಾಕ್ಲಿ?"

ತಾನು ಕಲಿತದ್ದನ್ನಷ್ಟೇ ಹೇಳಿದ್ದು, ತನ್ನದೇನು ತಪ್ಪು ಎಂದು ಸುಶೀಲಾ ಮುಖ ಸಣ್ಣದು ಮಾಡಿದಳು. ಕಲಿತದ್ದು ಸರಿಯೇ ಇರಬಹುದು, ಕಲಿಸುವ ಅಂಗಳ ಇದಲ್ಲ ಎಂದೆ. ಸರಕಾರಕ್ಕೆ ಎದುರಾಡಿದೆನೆಂದು ಮನೆಯವರಿಗೆ ಆಮೇಲೆ ಹೆದರಿಕೆಯಾಯಿತು. ನನಗೆ ಆಗಲಿಲ್ಲ, ಈಗಲೂ ಇಲ್ಲ.

ಹಿಟ್ಟಿನ ಕೈಯಲ್ಲೇ ಬಸವ್ವನ ಮನೆಗೆ ಹೋದೆ. ಮುದುಕಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ನನ್ನ ಎಳಿ ದಪ್ಪ ಅಂತ ನನಗ ಗೊತ್ತಿಲ್ಲೇನು?" ಅಂದಳು. "ಗೊತ್ತಿದ್ದದ್ದನ್ನ ಮಂದಿ ಮುಂದ ಅನಬಾರದು. ನಿನಗ ಯಾರರ ಅಂದೇವೇನು?"

"ನನಗೇನು ಅನ್ನೋದೈತಿ?"

"ಯಾರ ಮನ್ಯಾಗರ ನಿನ್ನ ಮಣಿ ಮ್ಯಾಲೆ ಕುಂದ್ರಿಸೇವೇನು, ನೀಲವ್ವ? ನಿನ್ನಂಗ ಕಣಕ ನಾದಾವ್ರು ಇಲ್ಲ ಅಂತೇವಿ, ಪರಾತ ಮುಂದ ನೂಕ್ತೇವಿ. ನೀನೂ ನಾದ್ಕೋತ ಕುಂದರ್ತಿ."

ಇಷ್ಟು ಹೇಳಿ ಅವಳ ಹೊಟ್ಟೆ ತಣ್ಣಗಾಯಿತೇನೋ, ಸಂಚಿ ಎತ್ತಿಕೊಂಡು ನನಗಿಂತ ಮುಂದೆ ನಡೆದಳು. ಈಗ ಕುದಿಯುವ ಸರದಿ ನನ್ನದು. ಅಂಗಳಕ್ಕೆ ಬಂದವಳೇ ಗಂಗವ್ವನನ್ನು ಎಬ್ಬಿಸಿ, ಬಸವ್ವನ ಪಕ್ಕದ ಮಣೆ ಏರಿದೆ. ನೋಡೇಬಿಡೋಣ ಎಂದು ಹೊಸೆದೆ. ಬಂದದ್ದು ಕರು ಕಟ್ಟುವಂಥ ಹಗ್ಗ. ಯಾರೂ ತುಟಿ ಎರಡು ಮಾಡಲಿಲ್ಲ. ಸುಶೀಲಾ ಏನೋ ಹೇಳಲು ಬಾಯಿ ತೆರೆದವಳು, ಎಲ್ಲರ ಮುಖ ನೋಡಿ ಮುಚ್ಚಿಕೊಂಡಳು. ಹುಡುಗಿ ಬೇಗ ಕಲಿಯುತ್ತಾಳೆ. ಗಂಗವ್ವ ಮಾತ್ರ ಪರಾತದ ಕಡೆ ನೋಡಿ, "ಕಣಕ ಬಿರುಸಾಗಾಕತ್ತೈತಿ, ನೀಲವ್ವ. ನಿನ್ನ ಕೈ ಇಲ್ಲದ ಹದ ಬರವಲ್ದು" ಎಂದಳು.

ಎಲ್ಲ ಗೊತ್ತಿದ್ದೂ ನನ್ನ ಎದೆ ಉಬ್ಬಿತು. ಎದ್ದು ಹೋಗಿ ನಾದಿದೆ. ನನ್ನಂತೆ ಕಣಕ ನಾದುವವರು ಆ ಓಣಿಯಲ್ಲಿ ಇನ್ನೊಬ್ಬರಿಲ್ಲ. ಬೇಕಾದರೆ ಬಂದು ಕೇಳಿ.