ಹೊಶಿಯಾಮದವರು ಕಳಿಸಿದ ಪೆಟ್ಟಿಗೆ

ಡ್ರಿಲ್ ಮೇಷ್ಟ್ರು ರೇಣುಕಯ್ಯನವರು ಜಪಾನಿಗೆ ಬರೆದ ಪತ್ರದಲ್ಲಿ ಇದ್ದದ್ದು ಒಂದೇ ಒಂದು ಸುಳ್ಳು. ಅದನ್ನೂ ಅವರು ತಮಗಾಗಿ ಬರೆದದ್ದಲ್ಲ, ಒಂದು ಚೆಂಡಿಗಾಗಿ.

ಮಧುಗಿರಿಯ ಅವರ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ಒಂದು ಕಂಬ, ಅದರ ತುದಿಗೊಂದು ಕಬ್ಬಿಣದ ಬಳೆ, ಆರು ವರ್ಷದ ಹಳೆಯ ಚೆಂಡು, ಅಷ್ಟೇ. ಚೆಂಡಿನ ಬ್ಲಾಡರಿಗೆ ಸೈಕಲ್ ಶಾಪಿನ ಬಾಷಾ ಸಾಬರು ಏಳು ಪ್ಯಾಚು ಹಾಕಿದ್ದರು. ನೆಲಕ್ಕೆ ಬಿದ್ದರೆ ಮೇಲೇಳಬೇಕೋ ಬೇಡವೋ ಎಂದು ಅದು ಯೋಚನೆ ಮಾಡುತ್ತಿತ್ತು. ಹೊಸದಾಗಿ ವರ್ಗವಾಗಿ ಬಂದಿದ್ದ ಹೆಡ್‌ಮಾಸ್ಟರ್ ಚಂದ್ರಶೇಖರಯ್ಯನವರಿಗೆ ಇದನ್ನು ನೋಡಿ ತಲೆಕೆಟ್ಟಿತ್ತು.

"ನೋಡಿ ರೇಣುಕಯ್ಯ, ಬುಧವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಸರಿಯಾದ ಚೆಂಡು ಬಂದ್ರೆ ಆಟ. ಇಲ್ದಿದ್ರೆ ಆ ಕಂಬ ಕೀಳಿಸಿ ಸೈಕಲ್ ಸ್ಟ್ಯಾಂಡಿಗೆ ಹಾಕಿಸ್ತೀನಿ."

ರೇಣುಕಯ್ಯನವರಿಗೆ ಆ ಕಂಬವೇ ಜೀವ. ಸಂಜೆ ಬೆಟ್ಟದ ನೆರಳು ಮೈದಾನಕ್ಕೆ ಇಳಿಯುವ ಹೊತ್ತಿನಲ್ಲಿ ಒಬ್ಬರೇ ನಿಂತು ಬಳೆಯೊಳಗಿನ ಆಕಾಶ ನೋಡುತ್ತಿದ್ದರು. ಮನೆಗೆ ಹೋಗಬೇಕೆಂಬುದೇ ಅವರಿಗೆ ಮರೆತುಹೋಗುತ್ತಿತ್ತು.

ಹೊಶಿಯಾಮ ತಂಡದ ಹುಚ್ಚು ಹಿಡಿದದ್ದು ಮೂರು ತಿಂಗಳ ಹಿಂದೆ, ಕ್ಷೌರದಂಗಡಿಯಲ್ಲಿ. ಅಲ್ಲಿ ಬಿದ್ದಿದ್ದ ಹಳೇ ಇಂಗ್ಲಿಷ್ ಪತ್ರಿಕೆಯಲ್ಲಿ ಅದರ ಚರಿತ್ರೆ ಇತ್ತು. ಹೊಶಿಯಾಮ ಎಂಬುದು ಜಪಾನಿನ ಹೊಲಿಗೆ ಯಂತ್ರದ ಕಂಪನಿ. ೧೯೫೧ರಲ್ಲಿ ಅಲ್ಲಿನ ಕೆಲಸಗಾರರು ಗೋದಾಮಿನ ಗೋಡೆಗೆ ಪೀಪಾಯಿಯ ಪಟ್ಟಿ ಬಡಿದು ಆಟ ಶುರುಮಾಡಿದ್ದರು. ಹನ್ನೊಂದು ವರ್ಷ ಬರೀ ಸೋತಿದ್ದರು. ಆಮೇಲೆ ದೇಶದ ಕಪ್ಪನ್ನೇ ಗೆದ್ದಿದ್ದರು. ಈಗಲೂ ಆಟಗಾರರು ಬೆಳಿಗ್ಗೆ ಯಂತ್ರ ಜೋಡಿಸುತ್ತಾರೆ, ಮಧ್ಯಾಹ್ನದ ಮೇಲೆ ಚೆಂಡಾಡುತ್ತಾರೆ, ಎರಡಕ್ಕೂ ಕಂಪನಿಯೇ ಸಂಬಳ ಕೊಡುತ್ತದೆ! ಓದುತ್ತಾ ಓದುತ್ತಾ ಮೇಷ್ಟ್ರ ಕೆನ್ನೆಯ ಸೋಪಿನ ನೊರೆ ಒಣಗಿಹೋಯಿತು. ಅರ್ಧ ಗಡ್ಡದಲ್ಲೇ ಮನೆಗೆ ಓಡಿ, ಒಂದು ಚೆಂಡು ಕಳಿಸಿಕೊಡಿ ಎಂದು ಪತ್ರ ಬರೆದರು. ಕನಿಕರ ಬರಲೆಂದು ಒಂದು ಸಾಲು ಸೇರಿಸಿದರು: 'ನಮ್ಮ ತಂಡಕ್ಕೆ ಐವತ್ತು ವರ್ಷ. ಮೊದಲ ದಿನ ತಂದ ಚೆಂಡಿನಲ್ಲೇ ಇವತ್ತಿಗೂ ಆಡುತ್ತಿದ್ದೇವೆ.'

ಗಡುವಿನ ಬುಧವಾರವೂ ಬಂತು. ಬೆಳಿಗ್ಗೆ ಪೋಸ್ಟ್‌ಮ್ಯಾನ್ ಪರ್ವತಯ್ಯ ಡ್ರಿಲ್ಲಿನ ನಡುವೆಯೇ ಓಡಿಬಂದ.

"ಬಂದ್ಬುಟ್ಟೈತೆ ಸಾ! ಜಪಾನಿಂದ! ಇಷ್ಟು ದಪ್ಪ ಪೆಟ್ಟಿಗೆ!"

ಪರ್ವತಯ್ಯ ಇದನ್ನು ಮೇಷ್ಟ್ರಿಗಿಂತ ಮೊದಲು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ. ರೇಣುಕಯ್ಯನವರು ಪೋಸ್ಟಾಫೀಸಿನಿಂದ ಪೆಟ್ಟಿಗೆ ಹೊತ್ತು ಹೊರಬಂದಾಗ ಜನ ಬೀಗರನ್ನು ಎದುರುಗೊಳ್ಳುವಂತೆ ನಿಂತಿದ್ದರು.

"ರೇಡಿಯೋ ಕಣ್ ಮೇಷ್ಟ್ರೇ," ಎಂದಳು ಪಕ್ಕದ ಮನೆಯ ಕೆಂಪಕ್ಕ. "ಜಪಾನ್‌ನೋರು ಇನ್ನೇನ್ ಕಳಿಸ್ತಾರೆ? ಸಂಜೆ ನಮ್ ಜಗಲಿ ಮ್ಯಾಲೇ ಇಟ್ಬುಡಿ, ಎಲ್ರೂ ಕೇಳಾನ."

ಬಾಷಾ ಸಾಬರು ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. "ಭಾಳ ಹಗುರ ಐತೆ, ಸದ್ದೂ ಇಲ್ಲ. ರೇಡಿಯೋ ಅಲ್ಲ. ಚೆಂಡೇ, ಕಸಮ್ ಸೇ! ಒಳಗೆ ಬರೀ ಹವಾ."

ರೇಣುಕಯ್ಯನವರ ಕಣ್ಣು ತುಂಬಿತು. ಅಲ್ಲೇ ಬಿಚ್ಚಲು ಹೊರಟವರನ್ನು ತಡೆದದ್ದು ಹೆಂಡತಿ ಗಂಗಲಕ್ಷ್ಮಮ್ಮ.

"ರೀ, ಹನ್ನೆರಡು ಹೊಡೀತು! ರಾಹುಕಾಲ. ಒಂದೂವರೆವರ್ಗೂ ಮುಟ್ಟಕೂಡ್ದು." ಆಕೆಯ ಪ್ರಕಾರ ಒಳಗಿದ್ದದ್ದು ಕೈಗಡಿಯಾರ, ಅದೂ ಹೆಂಗಸರದ್ದು.

ಪೆಟ್ಟಿಗೆ ದೇವರ ಮುಂದೆ ಕೂತಿತು. ಕುಂಕುಮವನ್ನೂ ಇಟ್ಟಾಯಿತು. ರೇಣುಕಯ್ಯನವರು ನಡುಮನೆಯ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಾ ನೋಡುತ್ತಾ ತೇಲಿಹೋದರು. ಕೆರೆಯ ನೀರಿನಂತೆ ಹೊಳೆಯುವ ಮರದ ನೆಲ. ಬಿಳಿ ಬಟ್ಟೆಯ ಹೊಶಿಯಾಮದವರು ಸದ್ದಿಲ್ಲದೆ ಓಡುತ್ತಿದ್ದಾರೆ. ಒಬ್ಬ ಸೊಂಟ ಬಗ್ಗಿಸಿ ನಮಸ್ಕರಿಸಿ ಚೆಂಡು ಎಸೆದ. ಅದು ಮಧುಗಿರಿ ಬೆಟ್ಟದ ನೆತ್ತಿಯ ಮೇಲಿಂದ ಹಾದು, ಹೊಸ ಚರ್ಮದ ಪರಿಮಳ ಬೀರುತ್ತಾ, ಮೆಲ್ಲಗೆ ಅವರ ಅಂಗೈಗೇ ಇಳಿಯುತ್ತಿತ್ತು. ಅಷ್ಟು ಸುಖ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಸಾ, ಎದ್ದೇಳಿ! ಕಂಬದ ಬೋಲ್ಟ್ ಬಿಚ್ತಾವ್ರೆ!" ಪರ್ವತಯ್ಯ ಕೂಗಿದ.

ಮೂರು ಗಂಟೆ ಆಗಿಹೋಗಿತ್ತು. ಮೇಷ್ಟ್ರು ಬರಿಗಾಲಲ್ಲೇ ಪೆಟ್ಟಿಗೆ ಎತ್ತಿಕೊಂಡು ಓಡಿದರು. ಹಿಂದೆ ಗಂಗಲಕ್ಷ್ಮಮ್ಮ, ಕೆಂಪಕ್ಕ, ಬಾಷಾ ಸಾಬರು, ಅವರ ಹಿಂದೆ ಅರ್ಧ ಬೀದಿ. ಮೈದಾನದಲ್ಲಿ ಇಬ್ಬರು ಸ್ಪ್ಯಾನರ್ ಹಿಡಿದು ಕಂಬದ ಬುಡದಲ್ಲಿ ಕೂತಿದ್ದರು.

"ನಿಲ್ಸಿ! ಚೆಂಡು ಬಂತು ಸಾರ್, ಜಪಾನಿಂದ!"

ಹೆಡ್‌ಮಾಸ್ಟರು ತಾವೇ ದಾರ ಕತ್ತರಿಸಿದರು. ಮೇಲೆ ತಂಡದ ಚರಿತ್ರೆಯ ಪುಸ್ತಕ, ಅದರ ಕೆಳಗೆ ಒಂದು ಕಾಗದ. ಅದರ ಕೆಳಗೆ ರೇಷ್ಮೆಯ ಮೆತ್ತೆ, ಮೆತ್ತೆಯ ನಡುವೆ ದುಂಡಗಿನ ಗುಳಿ. ಗುಳಿ ಖಾಲಿ!

"ಗಡಿಯಾರ ಎಲ್ಲಿ?" ಎಂದರು ಗಂಗಲಕ್ಷ್ಮಮ್ಮ.

ಹೆಡ್‌ಮಾಸ್ಟರು ಕಾಗದ ಬಿಡಿಸಿ, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳತೊಡಗಿದರು. "'ಮಾನ್ಯರೇ, ನಮ್ಮ ತಂಡಕ್ಕೆ ಮೂವತ್ತೆರಡೇ ವರ್ಷ. ನಿಮ್ಮದಕ್ಕೆ ಐವತ್ತು ಎಂದು ತಿಳಿದು ಎಲ್ಲ ಆಟಗಾರರೂ ಎದ್ದು ನಿಂತು ತಲೆಬಾಗಿದೆವು. ಐವತ್ತು ವರ್ಷ ಒಂದೇ ಚೆಂಡನ್ನು ಕಾಪಾಡಿಕೊಂಡು ಬಂದವರಿಗೆ ಹೊಸ ಚೆಂಡು ಕಳಿಸಿ ಅವಮಾನ ಮಾಡಲಾರೆವು. ಹಿರಿಯರಾದ ನೀವು ಆ ಚೆಂಡನ್ನು ನಮ್ಮ ಸ್ಮಾರಕ ಕೊಠಡಿಗೆ ದಯಪಾಲಿಸಬೇಕು. ಅದರ ಅಳತೆಗೇ ಈ ಪೆಟ್ಟಿಗೆ ಮಾಡಿಸಿದ್ದೇವೆ.'"

ರೇಣುಕಯ್ಯನವರು ಒಂದು ಹೆಜ್ಜೆ ಮುಂದೆ ಬಂದರು. "ಸಾರ್, ಅದು... ಐವತ್ತು ವರ್ಷ ಅನ್ನೋದು..."

"ನಂಗೆ ಒಂದ್ ಮಾತು ಹೇಳ್ಬಾರ್ದಾ ರೇಣುಕಯ್ಯ?" ಹೆಡ್‌ಮಾಸ್ಟರು ಕಾಗದವನ್ನು ಕಣ್ಣಿಗೊತ್ತಿಕೊಂಡರು. "ಇಂಥ ಚೆಂಡನ್ನ ನಾನು ಬೈದ್ಬಿಟ್ಟೆನಲ್ಲ!"

"ನಮ್ ಅಬ್ಬಾ ಕಾಲ್ದಿಂದ ಪ್ಯಾಚ್ ಹಾಕ್ತಿದೀವಿ ಸಾರ್," ಎಂದರು ಬಾಷಾ ಸಾಬರು, ಎದೆಯುಬ್ಬಿಸಿ.

"ನಾನ್ ಮದ್ವೆಯಾಗಿ ಬಂದಾಗ್ಲೇ ಇತ್ತು ಕಣಪ್ಪ," ಎಂದಳು ಕೆಂಪಕ್ಕ.

ಇನ್ನು ನಿಜ ಹೇಳಿದರೆ ಊರೇ ಸುಳ್ಳಾಗುತ್ತಿತ್ತು. ರೇಣುಕಯ್ಯನವರು ಬಾಯಿ ಮುಚ್ಚಿಕೊಂಡರು. ಚೆಂಡಿಗೆ ಆರತಿ ಎತ್ತಿ ರೇಷ್ಮೆಯಲ್ಲಿ ಮಲಗಿಸಿದರು. ಪರ್ವತಯ್ಯ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಪೋಸ್ಟಾಫೀಸಿನ ಕಡೆ ನಡೆದ. ಬೋಲ್ಟುಗಳು ಮತ್ತೆ ಬಿಗಿಯಾದವು, ಕಂಬಕ್ಕೆ ಸೇವಂತಿಗೆ ಹಾರ ಬಿತ್ತು, ಸುತ್ತ ಬೇಲಿ ಹಾಕಲು ಗೂಟ ನೆಟ್ಟರು.

"ಬೇಲಿ ಯಾಕೆ ಸಾರ್? ಹೊಸ ಚೆಂಡು ತರಿಸಿದ್ರೆ ಆಡಬಹುದಲ್ಲ?" ರೇಣುಕಯ್ಯನವರು ಮೆಲ್ಲಗೆ ಕೇಳಿದರು.

ಹೆಡ್‌ಮಾಸ್ಟರು ಪ್ರೀತಿಯಿಂದ ಅವರ ಹೆಗಲ ಮೇಲೆ ಕೈಯಿಟ್ಟರು.

"ಐವತ್ತು ವರ್ಷ ಆಡಿದೀರಲ್ಲ ರೇಣುಕಯ್ಯ, ಇನ್ನೂ ಎಷ್ಟು ಆಡ್ತೀರಿ?"