ಶುಕ್ರವಾರದ ಊಟಕ್ಕೆ ಒಬ್ಬ ಸುಳ್ಳು ವಿದ್ಯಾರ್ಥಿ

ಆ ಮನೆಗೆ ಹೋಗಿ, ಒಂದಾದರೂ ಎಡವಟ್ಟು ಆಗದೆ ವಾಪಸ್ ಬಂದ ಶುಕ್ರವಾರ ನನಗೆ ನೆನಪಿಲ್ಲ.

ಡೆಟ್ರಾಯಿಟ್ ಹತ್ತಿರ, ನಮ್ಮ ಕಾಲೇಜಿನಿಂದ ಅರ್ಧ ಮೈಲಿ. ಒಬ್ಬ ಯಹೂದಿ ಅಂಕಲ್, ಅವರ ಹೆಂಡತಿ ಆಂಟಿ. ಶುಕ್ರವಾರ ಸಂಜೆ ಕಾಲೇಜು ಹುಡುಗರನ್ನು ಕರೆದು ಊಟ ಹಾಕೋದೇ ಅವರ ಕೆಲಸ. ತಮ್ಮ ಜನವೇ ಆಗಬೇಕು ಅಂತಿಲ್ಲ, ವಿದ್ಯಾರ್ಥಿಯಾದರೆ ಸಾಕು. ತೊಂದರೆ ಇದ್ದದ್ದು ಅಲ್ಲೇ. ಎರಡು ಸೆಮಿಸ್ಟರ್ ಫೇಲಾದ ನನ್ನನ್ನು ಕಾಲೇಜಿನವರು ತೆಗೆದುಹಾಕಿದ್ದರು. ಇದು ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯಲ್ಲಿ ಅಪ್ಪ ಅಮ್ಮನಿಗೂ ಗೊತ್ತಿರಲಿಲ್ಲ, ಅಂಕಲ್ ಆಂಟಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಎರಡೂ ಕಡೆ ನನ್ನ ತಟ್ಟೆ ಎತ್ತುತ್ತಾರೆ ಅನ್ನೋ ಭಯ.

ಕತ್ತಲೆ

ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಅವರಿಗೆ ಸಬ್ಬತ್, ಯಾವ ಕೆಲಸವೂ ಮಾಡಬಾರದ ದಿನ, ಸ್ವಿಚ್ ಕೂಡ ಮುಟ್ಟೋದಿಲ್ಲ. ಬೇರೆಯವರಿಗೆ ಹಾಕು ಅಂತ ಬಾಯಿಬಿಟ್ಟು ಹೇಳೋ ಹಾಗೂ ಇಲ್ಲ. ಒಂದಿನ ಯಾರೋ ಮರೆತು ಬಾತ್‌ರೂಮ್ ಲೈಟ್ ಆರಿಸಿಬಿಟ್ಟರು. ಆಂಟಿ ನನ್ನ ಪಕ್ಕ ಬಂದು, "ಬಾತ್‌ರೂಮಿನಲ್ಲಿ ತುಂಬಾ ಕತ್ತಲೆ," ಅಂದರು.

"ಹೌದಾ ಆಂಟಿ," ಅಂದೆ, ಎಲ್ಲಾ ಅರ್ಥವಾಗಿದ್ದರೂ.

"ಪಾಪ, ಹುಡುಗರು ಎಡವಿ ಬೀಳ್ತಾರೆ."

"ಹುಷಾರಾಗಿ ಹೋಗಲಿ ಬಿಡಿ ಆಂಟಿ."

"ನಿನಗೆ ಹೋಗಬೇಕಾಗಿಲ್ವಾ?"

ಬಾಗಿಲ ಮುಂದೆ ಹನ್ನೆರಡು ಜನರ ಕ್ಯೂ, ಎಲ್ಲರೂ ಅವರ ಜನವೇ. ನಾನು ನನಗೋಸ್ಕರ ಲೈಟ್ ಹಾಕಿಕೊಂಡರೆ ಉಳಿದವರೂ ಆ ಬೆಳಕು ಬಳಸಬಹುದಂತೆ. ಕೊನೆಗೆ ಕರುಣೆ ಬಂದು ಹೋದೆ, ಹಾಕಿದೆ. ಕ್ಯೂ ಚಪ್ಪಾಳೆ ತಟ್ಟಿತು. ಕೆಲಸ ಮುಗಿಸಿ, ಲೈಟ್ ಆರಿಸಿ, ಹೊರಗೆ ಬಂದೆ. ಹತ್ತೊಂಬತ್ತು ವರ್ಷದಲ್ಲಿ ಅಪ್ಪ ಕಲಿಸಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದು ಅದೊಂದೇ.

ಚಮಚ

ಅಮ್ಮ ದಿನಾ ಕಾಲೇಜಿಗೆ ಅಂತ ಡಬ್ಬಿ ಕಟ್ಟುತ್ತಿದ್ದಳು. ಯಾವುದೋ ಪಾರ್ಕಿಂಗ್ ಲಾಟಿನಲ್ಲಿ ಕಾರಲ್ಲೇ ಕೂತು ತಿನ್ನುತ್ತಿದ್ದೆ. ಒಂದು ಶುಕ್ರವಾರ ಉಳಿದ ಮೊಸರನ್ನವನ್ನು ಆಂಟಿಯ ಅಡುಗೆಮನೆಯಲ್ಲಿ, ಕೈಗೆ ಸಿಕ್ಕ ಚಮಚದಲ್ಲಿ ಮುಗಿಸಿದೆ. ಅದು ಮಾಂಸದ ಚಮಚ. ಅವರಲ್ಲಿ ಹಾಲು ಮೊಸರಿನ ಪಾತ್ರೆ ಬೇರೆ, ಮಾಂಸದ್ದು ಬೇರೆ, ಸಿಂಕ್ ಕೂಡ ಎರಡು. ಏಳನೇ ಕ್ಲಾಸಿನವರೆಗೆ ನಾನು ಹುಬ್ಬಳ್ಳಿಯಲ್ಲಿ ಅಜ್ಜಿಯ ಮಡಿ ನೋಡಿ ಬೆಳೆದವನು. ಆ ಮಡಿ ಇದರ ಮುಂದೆ ಖಾನಾವಳಿ.

ಆಂಟಿ ಚಮಚವನ್ನು ಎರಡೇ ಬೆರಳಲ್ಲಿ ಎತ್ತಿ ನನಗೇ ಕೊಟ್ಟರು. "ಇನ್ನು ಮೇಲೆ ಇದು ನಿಂದು."

ಕಾಲೇಜಿಗೆ ಸೇರಿದ್ದಕ್ಕೆ ನನಗೆ ಸಿಕ್ಕ ಸರ್ಟಿಫಿಕೇಟ್ ಅದೇ.

ಹಲ್ಲು

ಊಟಕ್ಕೆ ಕೂತರೆ ಹೊಸಬರೆಲ್ಲ ಕೇಳೋದು, "ನಿನ್ನ ಮೇಜರ್ ಏನು?" ಓದೋ ಮುಖ್ಯ ವಿಷಯ ಅಂತ ನಾನು ವಾರಕ್ಕೊಂದು ಹೇಳುತ್ತಿದ್ದೆ. ಒಂದು ವಾರ ತಿಮಿಂಗಿಲಗಳ ಬಗ್ಗೆ ಓದುತ್ತಿದ್ದೆ, ಇನ್ನೊಂದು ವಾರ ಡೆಂಟಲ್. ಡೆಂಟಲ್ ವಾರ ಎದುರಿಗೆ ಕೂತಿದ್ದ ಹುಡುಗಿ ಬಾಯಿ ತೆರೆದು ದವಡೆ ಹಲ್ಲು ತೋರಿಸಿಯೇ ಬಿಟ್ಟಳು. ಮುಖ ಗಂಭೀರ ಮಾಡಿಕೊಂಡು ಬಗ್ಗಿ ನೋಡಿದೆ. "ಕೀಳಬೇಕಾಗುತ್ತೆ," ಅಂದೆ.

ಮುಂದಿನ ಶುಕ್ರವಾರ ಅವಳು ಕೆನ್ನೆ ಊದಿಸಿಕೊಂಡು ಬಂದಳು. "ನೀನು ಹೇಳಿದ್ದೇ ಸರಿ. ಕಿತ್ತರು."

ನಾನು ಬರೆದ ಯಾವ ಪರೀಕ್ಷೆಯಲ್ಲೂ ಅಷ್ಟು ಸರಿಯಾದ ಉತ್ತರ ಕೊಟ್ಟಿರಲಿಲ್ಲ.

ನಿಜ

ಮಗನಿಗೆ ಊಟ ಹಾಕೋರನ್ನು ಒಂದ್ಸಲ ನೋಡಬೇಕು ಅಂತ ಅಮ್ಮ ಅಪ್ಪನನ್ನು ಹೊರಡಿಸಿಕೊಂಡು ಒಂದು ಶುಕ್ರವಾರ ಹೇಳದೆ ಕೇಳದೆ ಬಂದಳು. ಇನ್ನೂ ಬೆಳಕಿತ್ತು. ಅಂಕಲ್, ಆಂಟಿ, ನಾನು ಬಾಗಿಲಲ್ಲಿದ್ದೆವು.

"ಹೇಗೆ ಓದ್ತಾನೆ ನಮ್ಮ ಹುಡುಗ?" ಅಂತ ಅಪ್ಪ ಅಂಕಲ್‌ನ ಕೇಳಿದ.

"ಅದು ನನಗೆ ಗೊತ್ತಿಲ್ಲ. ವಾರಕ್ಕೊಂದು ಮೇಜರ್ ಹೇಳ್ತಾನೆ. ನಿಜವಾಗಿ ಯಾವುದು?"

ನಾಲ್ಕೂ ಜನ ನನ್ನ ಕಡೆ ತಿರುಗಿದರು. ಸುಳ್ಳು ಹೇಳೋಕೆ ಬಾಯಿ ತೆರೆದೆ. ಒಂದೂ ಬರಲಿಲ್ಲ.

"ಯಾವುದೂ ಅಲ್ಲ. ಕಾಲೇಜಿನಿಂದ ನನ್ನ ತೆಗೆದುಹಾಕಿ ನಾಲ್ಕು ತಿಂಗಳಾಯ್ತು," ಅಂದೆ, ಇಂಗ್ಲಿಷಿನಲ್ಲಿ.

ಅಪ್ಪ ನಕ್ಕ. ಅಂಕಲ್‌ನ ಭುಜ ತಟ್ಟಿ, "ಮನೆಯಲ್ಲೂ ಹೀಗೇ, ಬರೀ ಜೋಕು," ಅಂದ.

ನಾನು ಕನ್ನಡಕ್ಕೆ ಬಂದೆ. "ಜೋಕಲ್ಲಪ್ಪ. ಖರೇನ ಹೇಳಾಕತ್ತೀನಿ."

"ಮಾರಿ ಹೆಂಗ ಮಾಡ್ಯಾನ ನೋಡ್ರಿ," ಅಂತ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

"ದೇವ್ರಾಣಿ ಅಪ್ಪ."

"ಹೋದ ಸಲ ದೇವ್ರಾಣಿ ಮಾಡಿ, ಕಾರಿನ್ಯಾಗ ಹಾವು ಐತಿ ಅಂದಿದ್ದೆಲ್ಲಲೇ."

ಅಮ್ಮನಿಗೆ ನಕ್ಕು ನಕ್ಕು ಕೆಮ್ಮು ಬಂತು. ಅಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಾನು ಅಪ್ಪನನ್ನು ಅಷ್ಟು ನಗಿಸಿದ್ದು ಅದೇ ಮೊದಲು.

ಅಂಕಲ್ ಆಂಟಿ ಮಾತ್ರ ಮೊದಲ ಸಲಕ್ಕೇ ನಂಬಿಬಿಟ್ಟಿದ್ದರು.