ನೋಲಾಳ ಕೇಕು, ಕೆಟ್ಟು ನಿಂತ ಗೋಧಿ ಗಾಡಿ

ರೈಲು ತಡವಾದರೆ ಎಲ್ಲರಿಗೂ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಸಲದ ಈಸ್ಟರಿಗೆ ಮುಂಚೆ ನಮ್ಮ ಗಾಡಿ ಗೋಧಿ ಹೊಲಗಳ ನಡುವೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟು ನಿಂತಾಗ, ಬೋಗಿಯಲ್ಲಿ ಒಬ್ಬನೇ ಒಬ್ಬ ಗಂಡಸು ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದ. ಆ ಮಹಾಪುರುಷ ನಾನೇ, ಡೆನ್ಜಿಲ್.

ಪಕ್ಕದಲ್ಲಿ ನನ್ನ ಧರ್ಮಪತ್ನಿ ನೋಲಾ ಕೂತಿದ್ದಳು. ಅವಳ ತೊಡೆಯ ಮೇಲೆ ತಗಡಿನ ಡಬ್ಬ, ಡಬ್ಬದೊಳಗೆ ಹಣ್ಣಿನ ಕೇಕು. ನಮ್ಮ ಕಡೆ ಹಣ್ಣಿನ ಕೇಕನ್ನು ತಿನ್ನುವುದು ಆಮೇಲಿನ ಮಾತು, ಮೊದಲು ಅದು ಗೆಲ್ಲಬೇಕು. ಊರಿನ ಕೃಷಿ ಪ್ರದರ್ಶನದಲ್ಲಿ ಗೆದ್ದವರು ಇನ್ನೊಂದು ಕೇಕು ಮಾಡಿ ವಲಯ ಮಟ್ಟದ ಸ್ಪರ್ಧೆಗೆ ಹೋಗಬೇಕು, ಅಲ್ಲೂ ಗೆದ್ದರೆ ಮತ್ತೊಂದು ಮಾಡಿ ಸಿಡ್ನಿಯ ಅಂತಿಮ ಸ್ಪರ್ಧೆಗೆ. ನೋಲಾ ಮದುವೆಯಾದಂದಿನಿಂದ ಪ್ರಯತ್ನಪಟ್ಟು ಈ ವರ್ಷ ಸಿಡ್ನಿಯ ಮೆಟ್ಟಿಲು ಹತ್ತಿದ್ದಳು. ಅಂದು ಸಂಜೆ ಐದರೊಳಗೆ ಕೇಕು ಅಲ್ಲಿನ ತೀರ್ಪಿನ ಮೇಜಿನ ಮೇಲಿರಬೇಕು.

ಈ ಸ್ಪರ್ಧೆಗೆ ಎಲ್ಲರದ್ದೂ ಒಂದೇ ಪಾಕವಿಧಾನ, ಒಂದೇ ಅಳತೆ. ದಪ್ಪ ಒಣದ್ರಾಕ್ಷಿಯನ್ನು ಒಂದೊಂದಾಗಿ ಕತ್ತರಿಯಲ್ಲಿ ತುಂಡು ಮಾಡಿಯೇ ಹಾಕಬೇಕೆಂಬುದು ಅದರ ಸಂವಿಧಾನ. ತೀರ್ಪುಗಾರ್ತಿ ಕೇಕನ್ನು ನಡುಮಧ್ಯೆ ಸೀಳಿ, ಕನ್ನಡಕ ಏರಿಸಿ ನೋಡುತ್ತಾಳೆ. ಇಡೀ ದ್ರಾಕ್ಷಿ ಕಂಡಿತೋ, ಮುಗಿಯಿತು ಕಥೆ. ನೋಲಾಳಿಗೆ ಮಣಿಕಟ್ಟು ನೋವು, ಆದ್ದರಿಂದ ನಮ್ಮ ಸಂಸಾರದಲ್ಲಿ ದ್ರಾಕ್ಷಿ ಖಾತೆ ನನ್ನದು. ಸಿಡ್ನಿ ಕೇಕಿನ ದ್ರಾಕ್ಷಿ ಕತ್ತರಿಸಬೇಕಿದ್ದ ದಿನ ಟೀವಿಯಲ್ಲಿ ಟೆಸ್ಟ್ ಪಂದ್ಯ, ಕೊನೆಯ ವಿಕೆಟ್ಟು. (ನೀವಾಗಿದ್ದರೆ ಕತ್ತರಿ ಹಿಡಿದು ಕೂರುತ್ತಿದ್ದಿರಾ? ಎದೆ ಮುಟ್ಟಿ ಹೇಳಿ.) ಕತ್ತರಿಸದ ದ್ರಾಕ್ಷಿಯನ್ನು ಬೋಗುಣಿಯ ತಳಕ್ಕೆ ತಳ್ಳಿ, ಕತ್ತರಿಸಿದ್ದನ್ನು ಮೇಲೆ ಹರಡಿ, ಅದರ ಮೇಲೆ ಶೆರಿ ವೈನು ಸುರಿದು ಕೈತೊಳೆದುಕೊಂಡೆ.

ಕೇಕು ಒಲೆಯಿಂದ ಹೊರಬಂದ ಮೇಲೆ ನನಗೆ ನಿದ್ದೆ ಇಲ್ಲ. ಆಗ ಹೊಳೆದದ್ದೇ ರೈಲು. "ಕಾರಲ್ಲಿ ಕುಲುಕಿದ್ರೆ ಕೇಕು ಬಿರಿಯುತ್ತೆ ನೋಲಾ, ರೈಲಲ್ಲಿ ಹೋಗೋಣ" ಎಂದೆ. ನಮ್ಮ ಲೈನಿನ ಗಾಡಿ ಯಾವತ್ತೂ ವೇಳೆಗೆ ಸರಿಯಾಗಿ ಹೋದದ್ದಿಲ್ಲ, ವಿರ್ರಬಿಲ್ಲ ಜಂಕ್ಷನ್ನಿನಲ್ಲಿ ಸಿಡ್ನಿ ಗಾಡಿ ನಮಗಾಗಿ ಕಾಯುವುದೂ ಇಲ್ಲ. ನೋಲಾ ನನ್ನ ಕಾಳಜಿಗೆ ಕರಗಿ ಕೆನ್ನೆ ತಟ್ಟಿದಳು.

ಹೊಲಗಳ ನಡುವೆ ಗಾಡಿ ನಿಂತ ಸ್ವಲ್ಪ ಹೊತ್ತಿಗೆ ಗಾರ್ಡ್ ಕೆವ್ ಬೋಗಿಯೊಳಗೆ ಬಂದ. "ಮುಂದೆ ಗೋಧಿ ತುಂಬಿದ ಗೂಡ್ಸ್ ಗಾಡಿ ಕೆಟ್ಟು ನಿಂತಿದೆ. ಇರೋದೊಂದೇ ಹಳಿ. ಏನ್ಮಾಡೋದು ಹೇಳಿ."

"ತಳ್ಳೋಣ್ವಾ?" ಅಂದ ಎದುರಿಗೆ ಕೂತಿದ್ದ ಕುರಿ ಸಾಕುವ ಲೆಸ್.

"ನೀನು ತಳ್ಳು, ನಾನು ಟೀ ಕುಡೀತಾ ನೋಡ್ತೀನಿ," ಎಂದಳು ಅವನ ಹೆಂಡತಿ ಬೆರಿಲ್.

ನಾನು "ಛೆ, ಛೆ" ಎಂದೆ. ಸಂತೋಷವನ್ನು ಮುಚ್ಚಿಡಲು ಅದಕ್ಕಿಂತ ಉದ್ದದ ಮಾತು ಬಾಯಿಂದ ಬರಲಿಲ್ಲ.

ವಿರ್ರಬಿಲ್ಲ ತಲುಪುವಷ್ಟರಲ್ಲಿ ಸಿಡ್ನಿ ಗಾಡಿ ಹೊರಟುಹೋಗಿತ್ತು. ಬದಲಿ ಬಸ್ಸು ಸಂಜೆಗಂತೆ. ನೋಲಾ ಡಬ್ಬದ ಮೇಲೆ ಕೈಯಿಟ್ಟು ಬೆಂಚಿನ ಮೇಲೆ ಕೂತಳು. ಅದರ ಮುಚ್ಚಳವನ್ನು ಸೆರಗಿಲ್ಲದ ಕೈಯಿಂದಲೇ ಮತ್ತೆ ಮತ್ತೆ ಒರೆಸಿದಳು. ಗೆದ್ದೆ ಎಂದುಕೊಂಡಿದ್ದವನಿಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಪ್ಲಾಟ್‌ಫಾರಂ ಮೇಲೆ ನಮ್ಮವರ ಹಳೇ ಚಾಳಿ ಶುರುವಾಗಿತ್ತು. ನಾಲ್ಕು ಜನ ಒಂದು ಕಡೆ ಸಿಕ್ಕಿಬಿದ್ದರೆ ಕೈಯಲ್ಲಿದ್ದ ತಿಂಡಿಯನ್ನು ನಡುವೆ ಇಡಬೇಕು. ಇಡದವರು ಹತ್ತು ವರ್ಷ ಜನರ ಬಾಯಲ್ಲಿರುತ್ತಾರೆ. ಬೆರಿಲ್ ಬೇಯಿಸಿದ ಮೊಟ್ಟೆ ತೆಗೆದಳು, ಕೆವ್ ಮಾಂಸದ ಸ್ಯಾಂಡ್‌ವಿಚ್ ಇಟ್ಟ, ಇನ್ಯಾರೋ ಫ್ಲಾಸ್ಕಿನಿಂದ ಟೀ ಬಗ್ಗಿಸಿದರು. ಎಲ್ಲರೂ ನಮ್ಮ ಡಬ್ಬವನ್ನು ನೋಡಿಯೂ ನೋಡದಂತಿದ್ದರು.

"ಲೆಸ್, ಚಾಕು ಇದೆಯಾ?" ಎಂದಳು ನೋಲಾ.

ನಾನು ಡಬ್ಬಕ್ಕೆ ಅಡ್ಡ ಕೈಯಿಟ್ಟೆ. "ಬೇಡ ನೋಲಾ, ಮನೇಗೆ ಒಯ್ಯೋಣ. ನೆನಪಿಗೆ ಇರ್ಲಿ."

"ನೆನಪಿಗೆ ಕೇಕು ಇಟ್ಕೊಳ್ಳೋಕೆ ನಾನೇನು ಸತ್ತುಹೋಗಿದೀನಾ? ಸರಿ ಆ ಕಡೆ."

"ಜನಕ್ಕೆ ಮೊಟ್ಟೆ ಸಾಕಾಗುತ್ತೆ ಕಣೇ..."

"ಡೆನ್ಜಿಲ್, ಸುಮ್ನೆ ಕೂತ್ಕೋ."

ಕೇಕು ನಡುಮಧ್ಯೆ ಸೀಳಿತು. ಹೆಬ್ಬೆರಳಿನಷ್ಟು ದಪ್ಪದ ದ್ರಾಕ್ಷಿಗಳು ಶೆರಿ ಕುಡಿದು ಊದಿಕೊಂಡು, ಹಬ್ಬಕ್ಕೆ ಬಂದ ನೆಂಟರ ಹಾಗೆ ಹಾಯಾಗಿ ಕೂತಿದ್ದವು. ಬೆರಿಲ್ ಮೊದಲ ತುಂಡನ್ನು ಬಾಯಿಗಿಟ್ಟು, "ಆಹಾ, ದ್ರಾಕ್ಷಿ ಬಾಯ್ತುಂಬ ಸಿಗ್ತಿದೆ" ಎಂದಳು. ಆ ತಾಯಿಗೆ ಒಳ್ಳೆಯದಾಗಲಿ, ಅವಳಿಗೇನು ಗೊತ್ತು.

"ಇದೇನು?" ನೋಲಾ ಚಾಕುವಿನ ತುದಿಯಿಂದ ಒಂದನ್ನು ಎತ್ತಿ ನನ್ನ ಮೂಗಿನೆದುರು ಹಿಡಿದಳು.

"ದ್ರಾಕ್ಷಿ."

"ಅದು ಕಾಣಿಸ್ತಿದೆ. ಇದಕ್ಕೆ ಕತ್ತರಿ ಯಾಕೆ ತಾಗಿಲ್ಲ?"

"ಕೊನೇ ವಿಕೆಟ್ಟಿತ್ತು," ಎಂದೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ರೈಲು ತಡವಾಗ್ಲಿ ಅಂತ್ಲೇ ರೈಲಲ್ಲಿ ಕರ್ಕೊಂಡು ಬಂದೆ."

ಪ್ಲಾಟ್‌ಫಾರಂ ಪೂರ್ತಿ ಅಗಿಯುವುದನ್ನು ನಿಲ್ಲಿಸಿತು. ನೋಲಾ ನನ್ನನ್ನು ನೋಡಿದಳು, ದ್ರಾಕ್ಷಿಯನ್ನು ನೋಡಿದಳು, ಆಮೇಲೆ ಬೆಂಚಿಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಆ ಗೋಧಿ ಗಾಡಿ ತಣ್ಣಗಿರ್ಲಿ. ಸಿಡ್ನಿಯಲ್ಲಿ ಅಷ್ಟು ಜನರ ಮುಂದೆ ಇದನ್ನ ಸೀಳಿದ್ದಿದ್ರೆ ನಾನು ಊರೇ ಬಿಡ್ಬೇಕಾಗಿತ್ತು. ವಾರದಿಂದ ಸ್ಪರ್ಧೆಯ ಚಿಂತೆ ತಲೆ ಮೇಲೆ ಕೂತಿತ್ತು, ಈಗ ಇಳೀತು. ಕೊಡಿ, ನನಗೂ ಒಂದು ತುಂಡು. ನನ್ನ ಕೇಕನ್ನ ನಾನು ಬಿಸಿ ಟೀ ಜೊತೆ ತಿಂದೇ ಇಲ್ಲ."

ನನಗಾದ ನಿರಾಳವನ್ನು ಏನು ಹೇಳಲಿ. ತಲೆ ಕುತ್ತಿಗೆಯ ಮೇಲೇ ಇತ್ತು. ಅವಳು ಏನು ಕೇಳಿದರೂ ಹೂಂ ಎನ್ನುವ ಔದಾರ್ಯ ನನ್ನಲ್ಲಿ ಉಕ್ಕಿ ಹರಿಯುತ್ತಿತ್ತು. "ಏನು ಹೇಳಿದ್ರೂ ಮಾಡ್ತೀನಿ ನೋಲಾ" ಎಂದೂಬಿಟ್ಟೆ.

ಅವಳು ಟೀ ಮುಗಿಸಿ, ಬಾಯಿ ಒರೆಸಿಕೊಂಡು, ಊರಿನ ಪ್ರದರ್ಶನದ ಕಾರ್ಯದರ್ಶಿಗೆ ಫೋನು ಹಚ್ಚಿದಳು.

"ಥೆಲ್ಮಾ, ಮುಂದಿನ ವರ್ಷದ ಗಂಡಸರ ಕೇಕು ವಿಭಾಗಕ್ಕೆ ಒಂದು ಹೆಸರು ಬರ್ಕೋ. ಹೂಂ, ಡೆನ್ಜಿಲ್. ಅವನೇ. ಇಲ್ಲಮ್ಮ, ಜ್ವರ ಏನೂ ಬಂದಿಲ್ಲ. ಹಿಟ್ಟು ಕಲಸೋದರಿಂದ ಹಿಡಿದು ಎಲ್ಲಾ ಅವನೇ. ತೀರ್ಪು ಮಾತ್ರ ಎಲ್ಲರೆದುರಿಗೆ ಆಗ್ಬೇಕು."

ಪ್ಲಾಟ್‌ಫಾರಂ ಚಪ್ಪಾಳೆ ತಟ್ಟಿತು. ಲೆಸ್ ನನ್ನ ಬೆನ್ನಿಗೊಂದು ಗುದ್ದಿದ. "ಸೀಳೋದನ್ನ ನೋಡೋಕೆ ನಾವೆಲ್ಲ ಬರ್ತೀವಿ ಮಾರಾಯ."

"ಖಂಡಿತ ಬನ್ನಿ," ಎಂದೆ. "ರೈಲಲ್ಲೇ ಬನ್ನಿ."

"ನಿನ್ನ ಬುದ್ಧಿ ಗೊತ್ತಾಯ್ತು," ಎಂದಳು ಬೆರಿಲ್. "ಹಿಂದಿನ ದಿನವೇ ಕಾರಲ್ಲಿ ಬಂದು ನಿಮ್ಮನೇಲೇ ಇಳ್ಕೋತೀವಿ."